ಬಾದಾಮಿಯ ಕಾಲುದಾರಿಗಳಿಗೆ ಬ್ರೋಷರ್ ಮಾಡಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಐದು ಜನ ಗೆಳೆಯರು ಸೇರಿ ಬಾದಾಮಿ ಸುತ್ತಲಿನ ನಾಲ್ಕು ಕಾಲುದಾರಿಗಳಿಗೆ ಒಂದು ಮಡಚುವ ಬ್ರೋಷರ್ ಮಾಡಿದೆವು. ಮೊದಲ ಸಲದ್ದು ಪೂರ್ತಿ ಕೆಟ್ಟಿತು. ಎರಡನೆಯದು ಪರವಾಗಿಲ್ಲ ಅನ್ನುವಂತಿತ್ತು. ಈಗ ಮೂರನೆಯದು ಓಡಾಡುತ್ತಿದೆ. ಇಳಕಲ್, ಗೋಕಾಕ, ವಿಜಯಪುರದ ಕಡೆಯಿಂದ ಫೋನು ಬರುತ್ತವೆ. ಕೇಳುವವರು ಬೇರೆ, ಪ್ರಶ್ನೆಗಳು ಅವೇ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಿಗೂ ಸ್ವಲ್ಪ ಆರಾಮ.

ಎಲ್ಲಿಂದ ಶುರು ಮಾಡಬೇಕು? ಡಿಸೈನರ್ ಹುಡುಕೋದಾ, ಪ್ರೆಸ್ ಹುಡುಕೋದಾ?

ಎರಡೂ ಅಲ್ಲ. ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳಿ.

ನಮ್ಮ ಮೊದಲ ಬ್ರೋಷರ್ ಹುಟ್ಟಿದ್ದು ಡಿಟಿಪಿ ಅಂಗಡಿಯ ಫ್ಯಾನಿನ ಕೆಳಗೆ. ಪರದೆಯ ಮೇಲೆ ಬಲು ಚೆಂದ ಕಂಡಿತ್ತು. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಲ್ಲಿ ಅದನ್ನೇ ಹಿಡಿದು ಬಾವನಬಂಡೆ ಕೋಟೆ ಹತ್ತಿದೆ. ಮಿರಿಮಿರಿ ಮಿಂಚುವ ಕಾಗದ ಬಿಸಿಲನ್ನೆಲ್ಲ ಕಣ್ಣಿಗೇ ಎರಚಿತು. ಅಕ್ಷರ ಕಾಣಲಿಲ್ಲ. ಗಾಳಿಗೆ ಹಾಳೆ ತಿರುವಿ ಹಾಕಿಕೊಂಡಿತು. ಬೆವರಿದ ಬೆರಳು ತಾಗಿದಲ್ಲಿ ನಕ್ಷೆಯ ಬಣ್ಣ ಕಲೆಯಾಯಿತು. "ಇಲ್ಲಿಂದ ಎಡಕ್ಕೆ" ಎಂದು ನಾನೇ ಬರೆದಿದ್ದೆ. ಅಲ್ಲಿ ಎಡಕ್ಕೆ ಎರಡು ದಾರಿ ಇದ್ದವು!

ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಅಕ್ಷರದ ಅಳತೆ ಇರಲಿ, ಕಾಗದ ಇರಲಿ, ಬಣ್ಣ ಇರಲಿ, ತೀರ್ಮಾನ ಆಗುವುದು ಗುಡ್ಡದ ಮೇಲೆಯೇ, ಟೇಬಲ್ ಮುಂದೆ ಅಲ್ಲ. ಬ್ರೋಷರ್ ಓದುವವನು ಸೋಫಾದ ಮೇಲೆ ಕೂತಿರುವುದಿಲ್ಲ. ಅವನ ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಮಗುವಿನ ಕೈ ಇರುತ್ತದೆ.

ಯಾವ ದಾರಿಗಳನ್ನು ಆರಿಸಿಕೊಂಡಿರಿ? ಹೇಗೆ ಆರಿಸಿದಿರಿ?

ಮೊದಲ ಪಟ್ಟಿಯಲ್ಲಿ ಹನ್ನೊಂದಿದ್ದವು. ಪ್ರತಿಯೊಬ್ಬನಿಗೂ ತನ್ನ ಓಣಿಯ ಹಿಂದಿನ ಗುಡ್ಡವೇ ದೊಡ್ಡದು, ಅಲ್ವಾ? ಕೊನೆಗೆ ಉಳಿದದ್ದು ನಾಲ್ಕು.

ಒಂದು, ಅಗಸ್ತ್ಯತೀರ್ಥ ಕೆರೆಯ ದಂಡೆಗುಂಟ ಮ್ಯೂಸಿಯಂನಿಂದ ಭೂತನಾಥ ಗುಡಿಗಳವರೆಗೆ. ಸಮತಟ್ಟು, ಯಾರು ಬೇಕಾದರೂ ನಡೆಯಬಹುದು. ಎರಡು, ಮ್ಯೂಸಿಯಂ ಪಕ್ಕದಿಂದ ಬಂಡೆಗಳ ಸಂದಿಯಲ್ಲಿ ಹತ್ತುವ ಬಾವನಬಂಡೆ ಕೋಟೆ. ಕೆಳಗಿನ ಶಿವಾಲಯ, ಮೇಲಿನ ಶಿವಾಲಯ ಎರಡೂ ಈ ದಾರಿಯಲ್ಲಿವೆ. ಮೂರು, ಸಿಡಿಲಪಡಿ. ಕಮಾನಿನಂತೆ ಬಾಗಿ ನಿಂತ ಬಂಡೆ, ಅದರ ಮೇಲೆ ಇತಿಹಾಸಪೂರ್ವ ಕಾಲದ ಚಿತ್ರಗಳು. ನಾಲ್ಕು, ಗುಡ್ಡ ದಾಟಿ ಮಹಾಕೂಟಕ್ಕೆ ಹೋಗುವ ಹಳೆಯ ಕಾಲುದಾರಿ.

ಗುಹೆಗಳನ್ನು ಯಾಕೆ ಬಿಟ್ಟಿರಿ ಎಂದು ಬಹಳ ಜನ ಬೈದಿದ್ದಾರೆ. ಬಿಟ್ಟಿಲ್ಲ, ಚಿಕ್ಕದಾಗಿ ಹಾಕಿದ್ದೇವೆ. ನಾಲ್ಕು ಗುಹೆ ನೋಡಲು ಯಾರಿಗೂ ನಮ್ಮ ನಕ್ಷೆ ಬೇಡ, ಟಂಟಂನವರೇ ಬಾಗಿಲಿಗೆ ಇಳಿಸುತ್ತಾರೆ. ಗುಹೆ ನೋಡಿ, ಸೆಲ್ಫಿ ತೆಗೆದುಕೊಂಡು, ಒಂದು ತಾಸಿನಲ್ಲಿ ಪಟ್ಟದಕಲ್ಲಿನ ಕಡೆ ಗಾಡಿ ತಿರುಗಿಸುವವರನ್ನು ಇನ್ನೆರಡು ತಾಸು ಊರಲ್ಲಿ ನಡೆಸುವುದು ನಮ್ಮ ಆಸೆ.

ನಡೆಯುವ ಸಮಯ ಹೇಗೆ ಲೆಕ್ಕ ಹಾಕಬೇಕು?

ಪುಸ್ತಕದ ಲೆಕ್ಕ ಒಂದಿದೆ. ನೈಸ್ಮಿತ್ ಸೂತ್ರ ಅನ್ನುತ್ತಾರೆ. 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಸ್ಕಾಟ್ಲೆಂಡಿನ ತಣ್ಣನೆಯ ಗುಡ್ಡಗಳಲ್ಲಿ ಗಟ್ಟಿ ಕಾಲಿನವರಿಗೆ ಹುಟ್ಟಿದ ಲೆಕ್ಕ. ನಮ್ಮ ಬಿಸಿಲಿಗೆ ಅದನ್ನು ನಂಬಬೇಡಿ.

ನಾನು ಅವ್ವನನ್ನೂ ಎಂಟು ವರ್ಷದ ತಂಗಿಯ ಮಗನನ್ನೂ ಕರೆದುಕೊಂಡು ಹೋದೆ. ಮ್ಯೂಸಿಯಂನಿಂದ ಭೂತನಾಥಕ್ಕೆ ನನಗೆ ಒಬ್ಬನಿಗಾದರೆ ಹತ್ತು ನಿಮಿಷ. ಅವ್ವನ ಜೊತೆ ಅರ್ಧ ತಾಸು ಆಯಿತು. ಮಂಡಿ ನೋವು ಸ್ವಲ್ಪ, ಕಟ್ಟೆ ಮೇಲೆ ಸಿಕ್ಕ ಪರಿಚಯದವರು ಜಾಸ್ತಿ. ಬ್ರೋಷರಿನಲ್ಲಿ ಅರ್ಧ ತಾಸು ಎಂದೇ ಹಾಕಿದೆವು. ಬೇಗ ಮುಟ್ಟಿದವನು ಖುಷಿಪಡುತ್ತಾನೆ. ತಡವಾದವನು ನಿಮ್ಮನ್ನು ಬೈಯುವುದಿಲ್ಲ.

ಊರವರನ್ನು ದೂರ ಕೇಳಬೇಡಿ. "ಎಷ್ಟು ದೂರ ಐತ್ರಿ?" ಅಂದರೆ "ಇಲ್ಲೇ ಐತ್ರಿ, ಬಂತ್ರಿ" ಅನ್ನುತ್ತಾರೆ. ಮಹಾಕೂಟದ ದಾರಿಯಲ್ಲಿ ಆ "ಇಲ್ಲೇ" ನಮ್ಮನ್ನು ಎರಡು ತಾಸು ನಡೆಸಿತ್ತು. ಅವರದು ಸುಳ್ಳಲ್ಲ, ಅವರ ಕಾಲಿಗೆ ಅದು ಇಲ್ಲೇ.

ಕಾಗದ, ಅಳತೆ, ಮಡಿಕೆ? ಪ್ರೆಸ್ಸಿನವರು ಕೇಳಿದಾಗ ಏನು ಹೇಳಲಿ?

ಎ4 ಹಾಳೆ, ಅಡ್ಡಕ್ಕೆ, ಮೂರು ಭಾಗ. ಇದು ಅಗ್ಗ, ಎಲ್ಲ ಪ್ರೆಸ್ಸಿನಲ್ಲೂ ಆಗುತ್ತದೆ. ಹಾಳೆಯ ಉದ್ದ 297 ಮಿಲಿಮೀಟರ್.

ಒಂದು ಭಾಗ ಒಳಗೆ ಮಡಚಿಕೊಳ್ಳುವ ಸಾದಾ ಮಡಿಕೆಯಾದರೆ ಮೂರೂ ಭಾಗ ಸಮ ಇರಬಾರದು. 100, 100, 97 ಎಂದು ಹಂಚಿ. ಒಳಗೆ ಹೋಗುವ ಭಾಗ 97. ಮೂರನ್ನೂ 99 ಮಾಡಿದರೆ ಒಳಗಿನದು ಸಿಕ್ಕಿಕೊಂಡು ಬ್ರೋಷರ್ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತದೆ. ಹೊರಮೈಯಲ್ಲಿ ಎಡದಿಂದ 97, ಹಿಂಬದಿ 100, ಮುಖಪುಟ 100. ಒಳಮೈಯಲ್ಲಿ ಇದು ತಿರುಗುಮುರುಗು: 100, 100, 97. ನಮ್ಮ ಮೊದಲ ಸಲ ಇದನ್ನು ಯಾರೂ ತಿರುಗಿಸಲಿಲ್ಲ. ಸಿಡಿಲಪಡಿಯ ಫೋಟೋದ ಒಂದು ಅಂಚು ಮಹಾಕೂಟದ ಪಾಲಾಯಿತು.

ಈಗ ನಾವು ಬಳಸುವುದು ಬೀಸಣಿಕೆಯಂತೆ ಹಿಂದೆಮುಂದೆ ಮಡಚುವ ಮಡಿಕೆ. ಇದರಲ್ಲಿ ಮೂರೂ ಭಾಗ 99ರಂತೆ ಸಮ ಇರಬಹುದು. ಗಾಳಿಯಲ್ಲಿ ಪೂರ್ತಿ ಬಿಚ್ಚದೆ ಬೇಕಾದ ಭಾಗವಷ್ಟೇ ನೋಡಬಹುದು. ಆಮೇಲೆ ಅದನ್ನು ನಡುವೆ ಇನ್ನೊಮ್ಮೆ ಮಡಚಿದರೆ 99ಕ್ಕೆ 105 ಮಿಲಿಮೀಟರ್ ಆಗಿ ಅಂಗಿಯ ಜೇಬಿಗೆ ಹೋಗುತ್ತದೆ. ಜೇಬಿಗೆ ಹೋಗದ ಬ್ರೋಷರ್ ಲಾಡ್ಜಿನ ಟೀಪಾಯ್ ಮೇಲೆಯೇ ಉಳಿಯುತ್ತದೆ.

ಕಾಗದ 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್ ಸಾಕು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಮ್ಯಾಟ್ ಅಂದರೆ ಹೊಳಪಿಲ್ಲದ್ದು. 170ಕ್ಕಿಂತ ದಪ್ಪ ಹೋದರೆ ಮಡಚುವ ಮೊದಲು ಗೆರೆ ಹೊಡೆಸಬೇಕು, ಇಲ್ಲವಾದರೆ ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ. ದುಡ್ಡು ಕಡಿಮೆ ಇದ್ದರೆ 100 ಜಿಎಸ್‌ಎಂ ಮ್ಯಾಪ್ಲಿಥೋ (ನೋಟ್‌ಬುಕ್ಕಿನಂಥ ಸಾದಾ ಕಾಗದ) ಕೂಡ ನಡೆಯುತ್ತದೆ. ಅದರ ಮೇಲೆ ಪೆನ್ನಿನಲ್ಲಿ ಬರೆಯಬಹುದು ಎನ್ನುವುದು ದೊಡ್ಡ ಲಾಭ. ಹೊಳೆಯುವ ಕಾಗದ ಬೇಡವೇ ಬೇಡ, ಪ್ರೆಸ್ಸಿನವರು "ರಿಚ್ ಕಾಣ್ತದ ಸರ್" ಅಂದರೂ.

ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚುವ ಬಣ್ಣ), ಫೋಟೋಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ). ವಾಟ್ಸಾಪಿನಲ್ಲಿ ಬಂದ ಫೋಟೋ ಹಾಕಬೇಡಿ, ಅದು ದಾರಿಯಲ್ಲೇ ಸೊರಗಿರುತ್ತದೆ.

ಕನ್ನಡ ಅಕ್ಷರಗಳು ಒಡೆಯುತ್ತವೆ. ಏನು ಮಾಡಬೇಕು?

ಎಲ್ಲರ ಮನೆಯ ಕಥೆ ಇದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಇವೆಲ್ಲ ಉಚಿತ, ಮುದ್ರಣಕ್ಕೂ ಬಳಸಬಹುದು. ಇನ್‌ಡಿಸೈನ್ ಎಂಬ ಪುಟ ಜೋಡಿಸುವ ಸಾಫ್ಟ್‌ವೇರ್ ಬಳಸುವವರು ಅದರ ವರ್ಲ್ಡ್ ರೆಡಿ ಕಂಪೋಸರ್ (ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ಸೌಲಭ್ಯ) ಆನ್ ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಅಕ್ಕಪಕ್ಕ ಬಿದ್ದುಕೊಳ್ಳುತ್ತವೆ. ಪ್ರೆಸ್ಸಿಗೆ ಕೊಡುವುದು ಪಿಡಿಎಫ್ ಮಾತ್ರ, ಫಾಂಟ್ ಅದರೊಳಗೆ ಸೇರಿರಲಿ.

ಪರೀಕ್ಷೆಗೆ ನಮ್ಮ ಊರೇ ಒಂದು ಪದ ಕೊಟ್ಟಿದೆ: ಅಗಸ್ತ್ಯತೀರ್ಥ. ಒಂದರ ಕೆಳಗೆ ಒಂದು ಎರಡು ಒತ್ತು, ಕೊನೆಗೆ ಅರ್ಕಾವತ್ತು. ಈ ಪದ ಸರಿ ಬಂದರೆ ಉಳಿದದ್ದೂ ಬರುತ್ತದೆ. ಪ್ರೂಫ್, ಅಂದರೆ ಪರೀಕ್ಷೆಗೆ ತೆಗೆದ ಪ್ರತಿ, ಬಂದ ಕೂಡಲೇ ನಾನು ನೋಡುವುದು ಅದನ್ನೇ.

ಸಾಲುಗಳ ನಡುವಿನ ಜಾಗಕ್ಕೆ ಜಿಪುಣತನ ಬೇಡ. ಇಂಗ್ಲಿಷಿಗೆ ಸಾಕಾಗುವ ಜಾಗ ನಮಗೆ ಸಾಲದು, ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳ ತಲೆ ಮೇಲೆ ಕೂರುತ್ತವೆ. ಹತ್ತೂವರೆ ಪಾಯಿಂಟ್ ಅಕ್ಷರಕ್ಕೆ 15 ಅಥವಾ 16 ಪಾಯಿಂಟ್ ಸಾಲು ಬಿಡಿ. ಹತ್ತಕ್ಕಿಂತ ಚಿಕ್ಕ ಅಕ್ಷರ ಬಿಸಿಲಿನಲ್ಲಿ ಇರುವೆ ಸಾಲು.

ಬಂಡೆಯ ಕೆಂಪು ಬಣ್ಣ ಅಚ್ಚಿನಲ್ಲಿ ಸರಿ ಬರುತ್ತಿಲ್ಲ.

ನಮ್ಮದು ಮೊದಲ ಪ್ರೂಫಿನಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕಂಪ್ಯೂಟರ್ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ಪರದೆಯ ಉರಿಯುವ ಕಿತ್ತಳೆ ಶಾಯಿಗೆ ಸಿಗುವುದಿಲ್ಲ. ಫೋಟೋಗಳನ್ನು ನೀವೇ ಸಿಎಂವೈಕೆಗೆ, ಅಂದರೆ ಸಯಾನ್ (ತಿಳಿನೀಲಿ), ಮೆಜೆಂಟಾ (ಗುಲಾಬಿ ಕೆಂಪು), ಹಳದಿ, ಕಪ್ಪು ಈ ನಾಲ್ಕು ಶಾಯಿಗಳ ಲೆಕ್ಕಕ್ಕೆ, ತಿರುಗಿಸಿ ನೋಡಿ. ಬಾದಾಮಿಯ ಮರಳುಗಲ್ಲಿಗೆ ಹಳದಿ ಮತ್ತು ಮೆಜೆಂಟಾ ಜಾಸ್ತಿ ಬೇಕು, ಸಯಾನ್ ಕೈ ಹಿಡಿದು ಹಾಕಬೇಕು. ಪ್ರೂಫ್ ಜೊತೆಗೆ ಒಂದು ಕಲ್ಲಿನ ಚೂರನ್ನು ಪ್ರೆಸ್ಸಿಗೆ ಒಯ್ದೆ. ದಾರಿಬದಿಯ ಜಲ್ಲಿ ಅದು, ಸ್ಮಾರಕದ್ದಲ್ಲ! ಮಷೀನ್ ಓಡಿಸುವವರು ಅದನ್ನು ಹಾಳೆಯ ಪಕ್ಕ ಇಟ್ಟುಕೊಂಡು ಶಾಯಿ ಹೊಂದಿಸಿದರು. ಯಾವ ಸಾಫ್ಟ್‌ವೇರೂ ಇಷ್ಟು ಕೆಲಸ ಮಾಡಿರಲಿಲ್ಲ.

ಇನ್ನೊಂದು ಮಾತು. ಅಗಸ್ತ್ಯತೀರ್ಥದ ನೀರು ಹಸಿರು. ಡಿಸೈನ್ ಮಾಡಿದ ಹುಡುಗ ಅದನ್ನು ನೀಲಿ ಮಾಡಿ ತಂದಿದ್ದ, "ಫ್ರೆಶ್ ಕಾಣ್ತದ" ಅಂತ. ಹಸಿರೇ ಇರಲಿ ಎಂದೆವು. ಬಂದವನಿಗೆ ಮೊದಲ ನೋಟದಲ್ಲೇ ಮೋಸ ಹೋದೆ ಅನ್ನಿಸಬಾರದು.

ಫೋಟೋಗೆ ಯಾರ ಅನುಮತಿ ಬೇಕು? ಯಾವ ಹೊತ್ತು ಒಳ್ಳೆಯದು?

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಅಥವಾ ಡ್ರೋನ್ ಬಳಸುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ನಾವು ಡ್ರೋನ್ ಗೊಡವೆಗೇ ಹೋಗಲಿಲ್ಲ. ನಡೆಯುವವನು ಹಕ್ಕಿಯಲ್ಲ, ಅವನ ಕಣ್ಣಿನ ಎತ್ತರದಿಂದ ತೆಗೆದ ಫೋಟೋ ದಾರಿ ಹುಡುಕಲು ಜಾಸ್ತಿ ಸಹಾಯ ಮಾಡುತ್ತದೆ.

ಕೆರೆಯ ಪಡುವಣಕ್ಕೆ ಊರು, ಮೂಡಣಕ್ಕೆ ಭೂತನಾಥ. ಹಾಗಾಗಿ ಭೂತನಾಥಕ್ಕೂ ಅದರ ಹಿಂದಿನ ಬಂಡೆಗಳಿಗೂ ಸಂಜೆಯ ಬೆಳಕೇ ಬೆಳಕು. ಮನುಷ್ಯರ ಮುಖ ಹಾಕುವುದಾದರೆ ಕೇಳಿ ಹಾಕಿ. ಬನಶಂಕರಿ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಝುಣಕ, ಗಡಿಗೆ ಮೊಸರು ಮಾರುವ ಅಕ್ಕನೊಬ್ಬರನ್ನು ಕೇಳಿದೆವು. "ನನ್ನ ಮಾರಿ ಬ್ಯಾಡ, ರೊಟ್ಟಿ ತಗೀರಿ" ಅಂದರು. ರೊಟ್ಟಿಯ ಫೋಟೋವೇ ಹಾಕಿದೆವು. ಇಡೀ ಬ್ರೋಷರಿನಲ್ಲಿ ಜನ ಮೊದಲು ನೋಡುವುದು ಅದನ್ನೇ.

ನಕ್ಷೆಗೆ ಗೂಗಲ್ ಮ್ಯಾಪಿನ ಸ್ಕ್ರೀನ್‌ಶಾಟ್ ಹಾಕಬಹುದಾ?

ಬೇಡ. ಹಕ್ಕಿನ ತಂಟೆ ಒಂದು ಕಡೆ, ಕಾಲುದಾರಿಗಳು ಅದರಲ್ಲಿ ಸರಿಯಾಗಿ ಇರುವುದೂ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ಅದರ ಹೆಸರು ನಮೂದಿಸಬೇಕು, ಅಷ್ಟೇ. ನಾವು ಫೋನಿನಲ್ಲಿ ದಾರಿ ದಾಖಲಿಸುತ್ತ ನಡೆದು, ಅದರ ಮೇಲೆ ಕೈಯಿಂದ ಬರೆದ ನಕ್ಷೆ ಮಾಡಿಸಿದೆವು.

ಕೈನಕ್ಷೆಯಲ್ಲಿ ಕಾಲಿಗೆ ಸಿಗುವ ಗುರುತುಗಳೇ ಬೇಕು. ಎರಡು ಬಂಡೆಗಳ ನಡುವಿನ ಸಂದಿ, ಪಾವಟಿಗೆ ಮುಗಿಯುವ ಜಾಗ, ಒಂಟಿ ಬೇವಿನ ಮರ, ಮಳೆಗಾಲದಲ್ಲಿ ಹರಿಯುವ ಹಳ್ಳ. ನೆರಳು ಇರುವ ಕಡೆ ಒಂದು ಚಿಕ್ಕ ಮರದ ಗುರುತು, ನೀರು ಸಿಗುವ ಕಡೆ ಒಂದು ಕೊಡ. ಎರಡೂ ಇಲ್ಲದ ಉದ್ದ ದಾರಿಯನ್ನು ಕೆಂಪು ಗೆರೆಯಲ್ಲಿ ತೋರಿಸಿದೆವು.

ಒಂದು ಹಟ ಮಾಡಿದೆವು. ಕೆರೆಯ ನಕ್ಷೆಯಲ್ಲಿ ಉತ್ತರ ಮೇಲಿಲ್ಲ, ಪೂರ್ವ ಮೇಲಿದೆ. ಊರಿನಿಂದ ಬರುವವನು ಪೂರ್ವಕ್ಕೆ ಮುಖ ಮಾಡಿಯೇ ಕೆರೆ ನೋಡುತ್ತಾನೆ. ಎಡಕ್ಕೆ ಬಾವನಬಂಡೆ, ಬಲಕ್ಕೆ ಗುಹೆಗಳ ಗುಡ್ಡ, ಎದುರಿಗೆ ಭೂತನಾಥ. ಹಾಳೆಯಲ್ಲೂ ಹಾಗೆಯೇ. ಭೂಗೋಳ ಕಲಿಸುವ ಮೇಷ್ಟ್ರೊಬ್ಬರು ಸಿಟ್ಟಾದರು. ಉತ್ತರದ ಬಾಣವನ್ನು ದೊಡ್ಡದಾಗಿ ಹಾಕಿ ಸಮಾಧಾನ ಮಾಡಿದೆವು.

ಬರಹ ಎಷ್ಟಿರಬೇಕು? ನಮ್ಮಲ್ಲಿ ಒಬ್ಬ ಕವಿ ಇದ್ದಾರೆ.

ಕವಿಗಳಿಗೆ ನಮಸ್ಕಾರ ಹೇಳಿ, ಒಂದು ದಾರಿಗೆ ಅರವತ್ತು ಪದ ಕೊಡಿ. ನಮ್ಮ ಮೊದಲ ಬ್ರೋಷರಿನ ಸಾಲು ಇದು: "ಪ್ರಕೃತಿಯ ಮಡಿಲಲ್ಲಿ ಕಂಗೊಳಿಸುವ ರಮಣೀಯ ಅಗಸ್ತ್ಯತೀರ್ಥವು ಪ್ರವಾಸಿಗರ ಕಣ್ಮನ ಸೆಳೆಯುತ್ತದೆ." ಅಗಸ್ತ್ಯತೀರ್ಥ ತೆಗೆದು ಯಾವ ಕೆರೆಯ ಹೆಸರು ಹಾಕಿದರೂ ನಡೆಯುತ್ತದೆ. ಬರೆದವನು ನಾನೇ.

ಈಗಿನದು: "ಬೆಳಿಗ್ಗೆ ಏಳಕ್ಕೆ ಬನ್ನಿ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸಪ್ಪಳ ಎದುರು ಗುಡ್ಡಕ್ಕೆ ಬಡಿದು ತಿರುಗಿ ಬರುತ್ತದೆ. ಒಬ್ಬರು ಒಗೆದರೆ ಇಬ್ಬರು ಒಗೆದಂತೆ ಕೇಳುತ್ತದೆ." ಇದನ್ನು ಓದಿದವರು ನಿಂತು ಕಿವಿಗೊಡುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ.

ಇತಿಹಾಸವೂ ಹಾಗೆಯೇ, ಕಾಲು ನಿಂತ ಜಾಗಕ್ಕೆ ಎಷ್ಟು ಬೇಕೋ ಅಷ್ಟು. ಕೋಟೆ ಹತ್ತುವವನಿಗೆ, ಮೊದಲನೆಯ ಪುಲಕೇಶಿ ಈ ಗುಡ್ಡವನ್ನು ಕೋಟೆ ಮಾಡಿದ್ದು 543ರಲ್ಲಿ, ಅದನ್ನು ಬಂಡೆಯ ಮೇಲೆಯೇ ಕೊರೆಸಿದ್ದಾನೆ ಎಂದು ಹೇಳಿದರೆ ಸಾಕು. ಕೆರೆಯ ಈಶಾನ್ಯದ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನಕ್ಕೆ ಮಾತ್ರ ನಾವು ನಾಲ್ಕು ಸಾಲು ಜಾಸ್ತಿ ಕೊಟ್ಟೆವು. ಸುಮಾರು 700ರ ಕಾಲದ್ದು, ಕನ್ನಡದ ತ್ರಿಪದಿ ಅಲ್ಲಿ ಕಲ್ಲಿನ ಮೇಲಿದೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಎಂದು ಗಟ್ಟಿಯಾಗಿ ಓದಿ ನೋಡಿ. ಬೀಸುಕಲ್ಲಿನ ಪದ ಕೇಳಿ ಬೆಳೆದವರಿಗೆ ಆ ನಡೆಯ ಪರಿಚಯ ಕೂಡಲೇ ಹತ್ತುತ್ತದೆ.

ಮಾಹಿತಿಯ ತಪ್ಪುಗಳು ಎಲ್ಲಿ ಜಾಸ್ತಿ ಆಗುತ್ತವೆ?

ಹಳೆಯ ಬ್ರೋಷರಿನಿಂದ ಎತ್ತಿ ಹಾಕುವಾಗ. ಎರಡು ಉದಾಹರಣೆ ಕೊಡುತ್ತೇನೆ. ಗುಹೆಗಳನ್ನು ಇಮ್ಮಡಿ ಪುಲಕೇಶಿ ಕಟ್ಟಿಸಿದ ಎಂದು ಬಹಳ ಕಡೆ ಓದಿದ್ದೇನೆ. ಮೂರನೆಯ ಗುಹೆಯ ಶಾಸನದ ವರ್ಷ 578, ಅದನ್ನು ಮಾಡಿಸಿದವನು ಚಾಲುಕ್ಯ ಮನೆತನದ ಮಂಗಳೇಶ. ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬಂದದ್ದು ಅದಾಗಿ ಮೂವತ್ತು ವರ್ಷದ ಮೇಲೆ.

ಎರಡನೆಯದು ನಮ್ಮದೇ ತಪ್ಪು. "ಮಹಾಕೂಟದಲ್ಲಿ ಮಂಗಳೇಶನ ಶಾಸನ ಕಂಬ ನೋಡಿ" ಎಂದು ಅಚ್ಚು ಹಾಕಿಸಿದ್ದೆವು. ಕಂಬ ಇರುವುದು ವಿಜಯಪುರದ ಗೋಲಗುಮ್ಮಟದ ಮ್ಯೂಸಿಯಂನಲ್ಲಿ. ಗುಡ್ಡ ದಾಟಿ ಬೆವರಿಳಿಸಿಕೊಂಡು ಹೋದವರೊಬ್ಬರು ಪುಷ್ಕರಣಿಯ ಕಟ್ಟೆ ಮೇಲೆ ಕೂತೇ ಫೋನ್ ಮಾಡಿದರು. ಏನು ಹೇಳಲಿ?

ಸಿಡಿಲಪಡಿಯ ದಾರಿಯನ್ನು ಪೂರ್ತಿ ತೋರಿಸಬೇಕಾ? ಚಿತ್ರಗಳಿಗೆ ಹಾನಿ ಆಗುವುದಿಲ್ಲವೇ?

ನಮ್ಮ ಐವರಲ್ಲಿ ಈಗಲೂ ಜಗಳ ಇದರ ಮೇಲೆಯೇ. ಸಾವಿರಾರು ವರ್ಷ ಉಳಿದ ಬಣ್ಣದ ಮೇಲೆ ಒಬ್ಬ ಬಂದು ಹೃದಯ ಬಿಡಿಸಿ ಹೆಸರು ಕೆತ್ತಿದರೆ ಮುಗಿಯಿತು. ಗೊತ್ತಾಗದಂತೆ ಮುಚ್ಚಿಟ್ಟರೂ ಕಾಯುವ ಕಣ್ಣುಗಳಿರುವುದಿಲ್ಲ.

ಕೊನೆಗೆ ನಡುದಾರಿ ಹಿಡಿದೆವು. ನಕ್ಷೆಯಲ್ಲಿ ದಾರಿಯ ಮೊದಲ ಭಾಗ ಮಾತ್ರ ಇದೆ. ಮುಂದಕ್ಕೆ "ಊರಿನ ಗೈಡ್ ಜೊತೆ ಹೋಗಿ" ಎಂದು ಬರೆದಿದ್ದೇವೆ. ದಾರಿ ತಪ್ಪುವುದು ಸುಲಭ, ಹಾಗಾಗಿ ಇದು ನೆಪ ಅಲ್ಲ. ಚಿತ್ರ ಮುಟ್ಟಬೇಡಿ, ನೀರು ಎರಚಿ ಫೋಟೋ ತೆಗೆಯಬೇಡಿ ಎಂದೂ ಇದೆ. ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಆಗಬಹುದು, ಎರಡೂ ಆಗಬಹುದು. ಈ ಸಾಲನ್ನು ಕೋಟೆಯ ದಾರಿಯ ಕೆಳಗೆ ಹಾಕಿದ್ದೇವೆ.

ಇದರಿಂದ ಗೈಡ್‌ಗಳಿಗೆ ನಷ್ಟ ಅಲ್ವಾ?

ಅವರೂ ಹಾಗೇ ಅಂದುಕೊಂಡಿದ್ದರು. "ನಿಮ್ಮ ಹಾಳಿ ನಮ್ಮ ರೊಟ್ಟಿ ಕಸೀತದನ್ರಿ?" ಎಂದು ನೇರವಾಗಿ ಕೇಳಿದರು. ಪ್ರೂಫನ್ನು ಅವರ ಕೈಗೇ ಕೊಟ್ಟೆವು. ಹದಿನಾಲ್ಕು ತಪ್ಪು ಹುಡುಕಿದರು. ಈಗ ಬ್ರೋಷರ್ ಹಂಚುವವರೂ ಅವರೇ.

ಸುರಕ್ಷತೆಯ ಬಗ್ಗೆ ಏನೇನು ಬರೆಯಬೇಕು?

ಕಡಿಮೆ ಬರೆಯಿರಿ, ದಪ್ಪ ಅಕ್ಷರದಲ್ಲಿ ಬರೆಯಿರಿ. ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಆದಮೇಲೆ ಬೆಳಿಗ್ಗೆ ಹತ್ತರೊಳಗೆ ಕೆಳಗಿಳಿಯಿರಿ, ಬಂಡೆ ಸಂಜೆಯವರೆಗೂ ಕಾವು ಬಿಡುವುದಿಲ್ಲ. ಮಳೆಯಲ್ಲಿ ಪಾವಟಿಗೆ ಜಾರುತ್ತವೆ. ಹೆಜ್ಜೇನಿನ ತಟ್ಟಿ ಕಂಡರೆ ಗದ್ದಲ ಬೇಡ.

ಮತ್ತೆ ಮಂಗಗಳು. ಪ್ಲಾಸ್ಟಿಕ್ ಚೀಲ ಅಂದರೆ ಅವಕ್ಕೆ ತಿಂಡಿ ಎಂದೇ ಅರ್ಥ. "ಚೀಲ ಕೈಯಲ್ಲಿ ಹಿಡಿಯಬೇಡಿ, ಬೆನ್ನಿಗೆ ಹಾಕಿ ಜಿಪ್ ಎಳೆಯಿರಿ." ನಮ್ಮ ಇಡೀ ಬ್ರೋಷರಿನಲ್ಲಿ ಜನ ಧನ್ಯವಾದ ಹೇಳಿದ ಸಾಲು ಇದೊಂದೇ. ಹಳದಿ ಮುಖಪುಟದ ಎರಡನೆಯ ಆವೃತ್ತಿಯನ್ನು ಮಂಗಗಳು ಬಾಳೆಹಣ್ಣು ಎಂದುಕೊಂಡವೋ ಏನೋ, ಎರಡು ಸಲ ಕಿತ್ತುಕೊಂಡು ಹೋದವು. ಈಗ ಮುಖಪುಟ ಕೆಂಪು.

ಟಿಕೆಟ್ ದರ, ಬಸ್ ಸಮಯ ಹಾಕಬೇಕಾ?

ಬೇಡ. ಬದಲಾಗುವುದನ್ನೆಲ್ಲ ಒಂದು ಕ್ಯೂಆರ್ ಕೋಡಿನ ಹಿಂದೆ ಇಡಿ. ಕೋಡ್ 2 ಸೆಂಟಿಮೀಟರಿಗಿಂತ ಚಿಕ್ಕದಾಗದಿರಲಿ, ಸುತ್ತ ಬಿಳಿ ಜಾಗ ಇರಲಿ. ಉಚಿತ ಶಾರ್ಟ್ ಲಿಂಕ್ ಬಳಸಬೇಡಿ, ಅವು ಒಂದು ದಿನ ಹೇಳದೆ ಸಾಯುತ್ತವೆ. ಗುಡ್ಡದ ಸಂದಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ, ಆದ್ದರಿಂದ ನಕ್ಷೆಯನ್ನು ಕೋಡಿನ ಹಿಂದೆ ಅಡಗಿಸಬೇಡಿ. ಬದಲಾಗದ ದೂರಗಳನ್ನು ಧೈರ್ಯವಾಗಿ ಅಚ್ಚು ಹಾಕಿಸಿ: ರೈಲು ನಿಲ್ದಾಣಕ್ಕೆ ಸುಮಾರು 5 ಕಿಲೋಮೀಟರ್, ಬನಶಂಕರಿಗೂ ಹೆಚ್ಚುಕಡಿಮೆ ಅಷ್ಟೇ, ಪಟ್ಟದಕಲ್ಲಿಗೆ 22. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ವಸತಿ ಸಿಗುವುದು ಕಷ್ಟ ಎಂದೂ ಸೇರಿಸಿ.

ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಒಂದೇ ಹಾಳೆಯಲ್ಲಿ?

ಮೂರೂ ಹಾಕಿದರೆ ಮೂರೂ ಓದಲಾಗದು. ಬೇರೆ ಬೇರೆ ಅಚ್ಚು ಹಾಕಿಸಿ. ಸ್ಥಳದ ಹೆಸರು ಮಾತ್ರ ಎಲ್ಲದರಲ್ಲೂ ಕನ್ನಡದಲ್ಲೂ ಇರಲಿ, ದಾರಿ ಕೇಳುವಾಗ ಬೆರಳಿಟ್ಟು ತೋರಿಸಲು.

ನಮ್ಮದು ಗೋಕಾಕ, ನಮ್ಮದು ವಿಜಯಪುರ. ಅಲ್ಲಿಗೂ ಇದೇ ಲೆಕ್ಕವೇ?

ನಡೆದು ನೋಡಿ ಎನ್ನುವುದು ಅದೇ. ಗೋಕಾಕದಲ್ಲಿ ಫೋಟೋದ ಕೆಳಗೆ ತಿಂಗಳ ಹೆಸರು ಹಾಕಲೇಬೇಕು. ಘಟಪ್ರಭೆ ಆಗಸ್ಟಿನಲ್ಲಿ ಧುಮುಕುವ ಫೋಟೋ ನೋಡಿ ಏಪ್ರಿಲಿನಲ್ಲಿ ಬಂದವನಿಗೆ ಒಣ ಬಂಡೆ ಕಾಣುತ್ತದೆ. ಗೊಡಚಿನಮಲ್ಕಿ ಜಲಪಾತಕ್ಕೂ ಇದೇ ಮಾತು. ವಿಜಯಪುರದಲ್ಲಿ ಗುಡ್ಡ ಇಲ್ಲ, ಟ್ರಾಫಿಕ್ ಇದೆ. ಉಪ್ಪಲಿ ಬುರುಜು, ಮಲಿಕ್ ಎ ಮೈದಾನ್ ತೋಪು, ತಾಜ್ ಬಾವಡಿ, ಇಬ್ರಾಹಿಂ ರೋಜಾ ಇವನ್ನು ಜೋಡಿಸಿದರೆ ಒಳ್ಳೆಯ ಸಂಜೆಯ ನಡಿಗೆ ಆಗುತ್ತದೆ. ನಕ್ಷೆಯಲ್ಲಿ ನೆರಳಿನ ಜೊತೆ ರಸ್ತೆ ದಾಟುವ ಜಾಗವನ್ನೂ ಗುರುತಿಸಿ.

ಮೊದಲ ಸಲ ಎಷ್ಟು ಪ್ರತಿ ಹಾಕಿಸಬೇಕು? ಆಮೇಲೆ ತಪ್ಪು ಕಂಡರೆ?

ಆಫ್‌ಸೆಟ್‌ನಲ್ಲಿ ಪ್ಲೇಟಿನ (ಅಚ್ಚಿನ ತಗಡಿನ) ಖರ್ಚು ಎಷ್ಟು ಪ್ರತಿಗಾದರೂ ಒಂದೇ, ಆದ್ದರಿಂದ ಜಾಸ್ತಿ ಹಾಕಿಸಿದಷ್ಟೂ ಅಗ್ಗ ಅನ್ನಿಸುತ್ತದೆ. ಆ ಆಸೆಗೆ ಬಿದ್ದು ನಾವು ಮೊದಲ ಸಲವೇ ಮೂರು ಸಾವಿರ ಹಾಕಿಸಿದೆವು. ಡಿಜಿಟಲ್‌ನಲ್ಲಿ ಇನ್ನೂರು ಹಾಕಿಸಿ ಒಂದು ತಿಂಗಳು ಹಂಚಿ ನೋಡಬೇಕಿತ್ತು.

ತಪ್ಪು ಕಂಡರೆ ಸ್ಟಿಕ್ಕರ್. ಮಹಾಕೂಟದ ಕಂಬದ ಸಾಲಿನ ಮೇಲೆ "ಕಂಬ ಈಗ ವಿಜಯಪುರದಲ್ಲಿದೆ" ಎಂದು ಅಚ್ಚಾದ ಚಿಕ್ಕ ಪಟ್ಟಿ ಅಂಟಿಸುತ್ತ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ರಾತ್ರಿ ಕೂತೆವು. ಅವ್ವ ಮಂಡಕ್ಕಿ ಮಿರ್ಚಿ ಮಾಡಿ ಕೊಟ್ಟಳು. ಅರ್ಧ ಪ್ರತಿಗಳ ಮೇಲೆ ಎಣ್ಣೆಯ ಬೆರಳಚ್ಚು ಇವೆ, ಯಾರ ಕೈಗಾದರೂ ಸಿಕ್ಕಿದ್ದರೆ ಅದು ನಮ್ಮದೇ.